ಲೆಕ್ಕಕ್ಕೆ ಸಿಗದ ಕೇಳುಗ

ರೇಡಿಯೋದಲ್ಲಿ ಮಾತಾಡುವವರಿಗೆ ತಮ್ಮ ಮಾತು ಯಾರ ಕಿವಿಗೆ ಬೀಳುತ್ತಿದೆ ಎಂಬುದು ಗೊತ್ತಿರುವುದಿಲ್ಲ. ಸಭೆಯಲ್ಲಿ ಮಾತಾಡುವವರಿಗೆ ಎದುರಿನ ಮುಖಗಳು ಕಾಣುತ್ತವೆ. ಪತ್ರಿಕೆ ನಡೆಸುವವರಿಗೆ ಖರ್ಚಾದ ಪ್ರತಿಗಳ ಲೆಕ್ಕ ಸಿಗುತ್ತದೆ. ಬಯಲಾಟದ ಭಾಗವತರಿಗಂತೂ ಎದುರಿನ ಗದ್ದೆಯಲ್ಲಿ ಎಷ್ಟು ಜನ ಚಾಪೆ ಮೇಲೆ ನಿದ್ದೆಹೋಗಿದ್ದಾರೆ, ಎಷ್ಟು ಜನ ಪದ್ಯಕ್ಕೆ ತಲೆದೂಗುತ್ತಿದ್ದಾರೆ ಎಂಬುದೂ ತಿಳಿಯುತ್ತದೆ. ರೇಡಿಯೋದವರಿಗೆ ಇದು ಯಾವುದೂ ಇಲ್ಲ. ಮುಚ್ಚಿದ ಕೋಣೆ, ಒಂದು ಮೈಕು, ಗೋಡೆಯ ಗಡಿಯಾರ. ಅಷ್ಟನ್ನು ನಂಬಿಕೊಂಡು ಒಬ್ಬರು ‘ಕೇಳುಗರಿಗೆ ನಮಸ್ಕಾರ’ ಎನ್ನುತ್ತಾರೆ. ಇತ್ತ ಒಬ್ಬಾತ ಗುಂಡಿ ತಿರುಗಿಸಿ ಕೇಳುತ್ತಾನೆ, ಮುಗಿದ ಮೇಲೆ ಆರಿಸುತ್ತಾನೆ. ಅವನು ಕೇಳಿದ್ದಕ್ಕೆ ಲೋಕದಲ್ಲಿ ಎಲ್ಲಿಯೂ ಗುರುತಿರುವುದಿಲ್ಲ.

ಇಂಥ ಕೇಳುಗರ ಊರು ನಮ್ಮ ವಂಡ್ಸೆ. ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರಿನ ಕಡೆಗೆ ತಿರುಗಿದರೆ ಸಿಗುವ ಪೇಟೆ. ಪಕ್ಕದಲ್ಲಿ ಚಕ್ರಾ ನದಿ, ಮುಂದೆ ಹೋದರೆ ಮಾರಣಕಟ್ಟೆ, ಪೂರ್ವಕ್ಕೆ ಕೊಡಚಾದ್ರಿಯ ಸಾಲು. 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಶುರುವಾಗುವ ತನಕ ಇಲ್ಲಿಯವರಿಗೆ ಕನ್ನಡ ಬೇಕೆಂದರೆ ಧಾರವಾಡವೋ ಭದ್ರಾವತಿಯೋ ಬೆಂಗಳೂರೋ, ಆ ದಿನದ ಹವೆ ಹೇಗಿದೆಯೋ ಹಾಗೆ. ಮಂಗಳೂರು ಕೇಂದ್ರ ಬಂದ ಮೇಲೆ ಸ್ವರ ಹತ್ತಿರವಾಯಿತು. ಹೆಸರು ಮಂಗಳೂರಿನದ್ದಾದರೂ ಮಧ್ಯಮ ತರಂಗದ ಪ್ರಸಾರ ಹೊರಡುತ್ತಿದ್ದದ್ದು ನಮ್ಮ ಬ್ರಹ್ಮಾವರದ ಕಂಬದಿಂದ, 1089 ಕಿಲೋಹರ್ಟ್ಸ್‌ನಲ್ಲಿ. ಬ್ರಹ್ಮಾವರದಲ್ಲಿ ಆ ಜಾಗಕ್ಕೆ ‘ಆಕಾಶವಾಣಿ’ ಎಂದೇ ಹೆಸರು. ಬಸ್ಸಿನ ಕಂಡಕ್ಟರು ‘ಆಕಾಶವಾಣಿ ಯಾರ್ ಇಳಿತ್ರಿ?’ ಎಂದು ಕೂಗಿದಾಗ ಮೊದಲ ಸಲ ಕೇಳಿದವರಿಗೆ ಆಶ್ಚರ್ಯವಾದೀತು. ನಮಗೆ ಅದು ಒಂದು ಸ್ಟಾಪು.

ಆ ಕಾಲದ ಬೆಳಗು ರೇಡಿಯೋದ ಪ್ರಕಾರ ನಡೆಯುತ್ತಿತ್ತು. ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಯುವ ಆ ಮೊದಲ ನಾದ ಕೇಳಿದರೆ ಅಜ್ಜಿ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದರು. ಆ ನಾದವನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್, ಯುರೋಪಿನಲ್ಲಿ ಯಹೂದಿಗಳಿಗೆ ನೆಲೆ ತಪ್ಪುತ್ತಿದ್ದ ಹೊತ್ತಿನಲ್ಲಿ 1934ರಲ್ಲಿ ಮುಂಬೈಗೆ ಬಂದು ಅಲ್ಲಿಯ ರೇಡಿಯೋ ಕೇಂದ್ರದಲ್ಲಿ ಕೆಲಸ ಮಾಡಿದ ಸಂಗೀತಗಾರ. ಮನೆ ಬಿಟ್ಟು ಬಂದ ಒಬ್ಬರ ರಾಗ ಇಡೀ ದೇಶದ ಮನೆಮನೆಯ ಬೆಳಗಾಯಿತು. ಅಜ್ಜಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಆಮೇಲೆ ಭಕ್ತಿಗೀತೆ, ಚಿಂತನ. 6:55ಕ್ಕೆ ಸಂಸ್ಕೃತ ವಾರ್ತೆ ಬಂದರೆ ಹಾಲು ಕರೆದು ಆಗಿರಬೇಕು. ಅದನ್ನು ಓದುತ್ತಿದ್ದ ಬಲದೇವಾನಂದ ಸಾಗರ ಅವರ ಹೆಸರನ್ನು ಸಂಸ್ಕೃತದ ಒಂದಕ್ಷರ ಬಾರದವರೂ ತಪ್ಪಿಲ್ಲದೆ ಹೇಳುತ್ತಿದ್ದರು. 7:35ಕ್ಕೆ ದೆಹಲಿಯ ಕನ್ನಡ ವಾರ್ತೆ. ಅದು ಮುಗಿಯುವ ಹೊತ್ತಿಗೆ ಶಾಲೆಯ ಮಕ್ಕಳು ಅಂಗಳ ದಾಟದಿದ್ದರೆ ಬೈಗುಳ. ದಾರಿಯಲ್ಲಿ ನಡೆಯುತ್ತ ಹೋದರೆ ಒಂದು ಮನೆಯಲ್ಲಿ ಬಿಟ್ಟುಹೋದ ವಾಕ್ಯ ಮುಂದಿನ ಮನೆಯಲ್ಲಿ ಸಿಗುತ್ತಿತ್ತು, ಸುದ್ದಿ ಪೂರ್ತಿ ಕೇಳಿಯೇ ಪೇಟೆ ಮುಟ್ಟುತ್ತಿದ್ದೆವು. ಮಳೆಗಾಲದಲ್ಲಿ ಮೀನುಗಾರರಿಗೆ ಎಚ್ಚರಿಕೆ ಓದಿದ ದಿನ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇವತ್ತ್ ಕಡ್ಲಿಗೆ ಹೋಪುಕಿಲ್ಲೆ ಅಂಬ್ರ್.’ ಸಮುದ್ರ ಇಲ್ಲಿಂದ ದೂರ. ಆದರೂ ಗಂಗೊಳ್ಳಿಯಲ್ಲಿ ದೋಣಿ ಇಳಿಯದಿದ್ದರೆ ವಂಡ್ಸೆಯ ಬುಟ್ಟಿಗೆ ಮೀನಿಲ್ಲ.

ಬೆಳಗಿನ ರೇಡಿಯೋವನ್ನು ನೆನೆಯುವವರು ಬಹಳ. ನನ್ನ ಮನಸ್ಸು ಹೋಗುವುದು ರಾತ್ರಿಯ ರೇಡಿಯೋದ ಕಡೆಗೆ.

ಪ್ರಾದೇಶಿಕ ಕೇಂದ್ರಗಳು ರಾತ್ರಿ 11ರ ಸುಮಾರಿಗೆ ಮುಗಿಸುತ್ತಿದ್ದವು. ಅನಂತರ ನಸುಕಿನವರೆಗೆ ಕೇಳುವವರಿಗೆ ಏನಿದೆ ಎಂದು ಯೋಚಿಸಿ ಆಕಾಶವಾಣಿ 1988ರಲ್ಲಿ ರಾಷ್ಟ್ರೀಯ ವಾಹಿನಿಯನ್ನು ತೆರೆಯಿತು. ಸಂಜೆ 6:50ಕ್ಕೆ ಶುರುವಾದರೆ ಮರುದಿನ ಬೆಳಿಗ್ಗೆ 6:10ರ ತನಕ. ಹಾಡು, ಸಂಗೀತ, ಮಾತು, ನಡುರಾತ್ರಿಯಲ್ಲೂ ಗಂಟೆಗೊಮ್ಮೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ವಾರ್ತೆ. ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿಯುವವರು ಏಳುವ ಹೊತ್ತಿಗೆ ಅವರಿಗಾಗಿಯೇ ಒಂದು ಕಾರ್ಯಕ್ರಮ. ನಾಗಪುರದಲ್ಲಿ ಅದಕ್ಕೆಂದು ನಿಲ್ಲಿಸಿದ ಪ್ರಸಾರಯಂತ್ರದ ಶಕ್ತಿ 1000 ಕಿಲೋವಾಟ್. ಬ್ರಹ್ಮಾವರದ್ದು 20.

ನಾಗಪುರ ಇಲ್ಲಿಂದ 900 ಕಿಲೋಮೀಟರಿಗೂ ಆಚೆ, ನಡುವೆ ಸಹ್ಯಾದ್ರಿ. ಹಗಲಿನಲ್ಲಿ ಅಲ್ಲಿಂದ ಪಿಸುಮಾತೂ ಬಾರದು. ಸೂರ್ಯನಿದ್ದಷ್ಟು ಹೊತ್ತು ಆಕಾಶದಲ್ಲಿ, ನೆಲದಿಂದ 60ರಿಂದ 90 ಕಿಲೋಮೀಟರು ಮೇಲೆ, ಮಧ್ಯಮ ತರಂಗವನ್ನು ಹೀರಿಬಿಡುವ ಒಂದು ಪದರ ಇರುತ್ತದೆ. ಆಗ ನೆಲ ಹಿಡಿದು ಸಾಗುವ ಅಲೆಯಷ್ಟೇ ನಮಗೆ ಸಿಗುತ್ತದೆ, ಅದು ದೂರ ಹೋಗಲಾರದು. ಕತ್ತಲಾದ ಮೇಲೆ ಆ ಪದರ ಕರಗುತ್ತದೆ. ಅಲೆ ಇನ್ನೂ ಎತ್ತರಕ್ಕೆ ಏರಿ, ಅಲ್ಲಿನ ಮತ್ತೊಂದು ಪದರಕ್ಕೆ ತಾಗಿ, ಬಾಗಿ, ನೂರಾರು ಮೈಲಿ ಆಚೆ ಇಳಿಯುತ್ತದೆ. ಕೊಡಚಾದ್ರಿ 1343 ಮೀಟರ್ ಎತ್ತರ ನಿಂತಿದ್ದರೂ ಅದಕ್ಕೆ ಅಡ್ಡವಲ್ಲ. ಸ್ವರ ಒಮ್ಮೆ ಏರುವುದು, ಒಮ್ಮೆ ಮುಳುಗುವುದು, ಮತ್ತೆ ಬರುವುದು, ಇದೆಲ್ಲ ಆ ಮೇಲಿನ ಪದರದ ಅಲುಗಾಟ. ಇದನ್ನು ಓದಿ ತಿಳಿದಾಗ ನನಗೆ ಆದ ಸಂತೋಷ ಇಂದಿಗೂ ಇದೆ. ಕತ್ತಲೆಯಾದರೆ ಮಾತ್ರ ದೂರದವರು ಹತ್ತಿರವಾಗುವ ಒಂದು ಏರ್ಪಾಟು ಈ ಭೂಮಿಯ ಮೇಲೆಯೇ ಇದೆ, ಮನುಷ್ಯರು ಅದನ್ನು ಕಂಡುಕೊಂಡರಷ್ಟೆ.

ರಾತ್ರಿ ಎರಡು ಗಂಟೆಗೆ ಯಾರು ಎಚ್ಚರವಿರುತ್ತಾರೆ? ಪಟ್ಟಣದ ಕಚೇರಿಯಲ್ಲಿ ಕುಳಿತು ಕೇಳಿದರೆ ಯಾರೂ ಇಲ್ಲ ಎಂದೇ ತೋರಬಹುದು. ಇಲ್ಲಿಂದ ನೋಡಿದರೆ ಹಾಗಲ್ಲ. ಜಡ್ಕಲ್, ಮುದೂರು ಕಡೆಯ ತೋಟಗಳಲ್ಲಿ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು ನಸುಕಿಗೆ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಹೊರಡುತ್ತಾರೆ. ಬಿಸಿಲು ಏರುವ ಮೊದಲು ಕೆರೆದರೆ ಹಾಲು ಚೆನ್ನಾಗಿ ಇಳಿಯುತ್ತದೆ. ಅವರಲ್ಲಿ ಕೇರಳದಿಂದ ಬಂದು ನೆಲೆಸಿದವರು ಬಹಳ. ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ರೇಡಿಯೋದಲ್ಲಿ ಅವರಿಗೆ ಅರ್ಥವಾಗದ ಹಿಂದಿ, ಆದರೆ ಹಾಡಿಗೆ ಅರ್ಥ ಯಾರಿಗೆ ಬೇಕು! ಗದ್ದೆಗೆ ಹಂದಿ ಬಾರದಂತೆ ಮಾಳದಲ್ಲಿ ಕಾವಲು ಕೂತವರು. ಹಂಚಿನ ಕಾರ್ಖಾನೆಗಳು ಭರದಿಂದ ನಡೆಯುತ್ತಿದ್ದ ದಿನಗಳಲ್ಲಿ ರಾತ್ರಿಯಿಡೀ ಬೆಂಕಿಗೂಡಿಗೆ ಸೌದೆ ತುಂಬಿದವರು. ಗಂಗೊಳ್ಳಿ ಬಂದರಿನಲ್ಲಿ ಐಸು ಕಾಯುತ್ತ ನಿಂತವರು. ಬಾಣಂತಿ. ಹಾಸಿಗೆ ಹಿಡಿದ ಹಿರಿಯರ ಪಕ್ಕದಲ್ಲಿ ಕೂತ ಸೊಸೆ. ಸುಮ್ಮನೆ ನಿದ್ದೆ ಬಾರದವರು. ಈ ಪಟ್ಟಿಯಲ್ಲಿರುವವರು ಯಾರೂ ಆಕಾಶವಾಣಿಗೆ ಕಾಗದ ಬರೆದವರಲ್ಲ. ರಾಷ್ಟ್ರೀಯ ವಾಹಿನಿ ದೇಶದ ನೂರಕ್ಕೆ 64 ಪಾಲು ನೆಲಕ್ಕೆ, 76 ಪಾಲು ಜನಕ್ಕೆ ತಲಪುತ್ತದೆ ಎಂದು ಇಲಾಖೆಯ ಲೆಕ್ಕ ಹೇಳುತ್ತಿತ್ತು. ತಲಪುವ ಲೆಕ್ಕ ಸಿಗುತ್ತದೆ. ಮಾಳದಲ್ಲಿ ಕೂತವನಿಗೆ ಅದು ಎಷ್ಟು ಧೈರ್ಯ ಕೊಟ್ಟಿತು ಎಂಬ ಲೆಕ್ಕ ಯಾವ ಕಡತದಲ್ಲೂ ಇಲ್ಲ.

ನನ್ನ ಸೋದರಮಾವ ಈ ರಾತ್ರಿಯವರ ಪೈಕಿ ಒಬ್ಬರು. ಹುಡುಗನಾಗಿದ್ದಾಗ ಕುಂದಾಪುರದ ಕಡೆಯ ಎಷ್ಟೋ ಹುಡುಗರಂತೆ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಓದಿ, ಗಲ್ಲಾ ಪೆಟ್ಟಿಗೆಯ ತನಕ ಬಂದವರು. ಹಿಂದಿ ಕಲಿಸಿದ್ದು ಹೋಟೆಲು ಮತ್ತು ರೇಡಿಯೋ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬೇಡವೆಂದು ಮಂತ್ರಿ ಬಿ.ವಿ. ಕೇಸ್ಕರ್ ಅವರು ಹಟ ಹಿಡಿದ ಕಾಲದಲ್ಲಿ ದೇಶದ ಕಿವಿಯೆಲ್ಲ ಸಿಲೋನಿನ ಕಡೆಗೆ ತಿರುಗಿತ್ತಲ್ಲ, ಅಮೀನ್ ಸಯಾನಿಯವರ ಗೀತಮಾಲಾ ಬರುವ ಬುಧವಾರ ರಾತ್ರಿಗಾಗಿ ಜನ ಕಾಯುತ್ತಿದ್ದರಲ್ಲ, ಆ ರೂಢಿ ಮಾವನವರೆಗೂ ಬಂದಿತ್ತು. ಊರಿಗೆ ಮರಳುವಾಗ ತಂದ ಸಾಮಾನುಗಳಲ್ಲಿ ಚರ್ಮದ ಅಂಗಿ ತೊಡಿಸಿದ ಒಂದು ಟ್ರಾನ್ಸಿಸ್ಟರ್ ಇತ್ತು. ಸಂಜೆ ಏಳೂವರೆಗೆ ಕಿರುತರಂಗದಲ್ಲಿ ಲಂಡನ್ನಿನ ಬಿಬಿಸಿಯ ಹಿಂದಿ ಸುದ್ದಿ. ಊಟವಾಗಿ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಸಣ್ಣ ಸ್ವರದಲ್ಲಿ ರಾಷ್ಟ್ರೀಯ ವಾಹಿನಿ. ಮಾಮಿ ಹೋದ ಮೇಲೆ ಅವರಿಗೆ ರಾತ್ರಿ ಉದ್ದವಾಗಿತ್ತು. ಆ ಉದ್ದವನ್ನು ಗಂಟೆಗೊಂದು ವಾರ್ತೆಯಂತೆ ತುಂಡು ಮಾಡಿಕೊಂಡು ಕಳೆಯುತ್ತಿದ್ದರು. ಮೂರು ಗಂಟೆಯ ವಾರ್ತೆ ಕೇಳಿದೆ, ನಾಲ್ಕರದ್ದು ಕೇಳಿದ ನೆನಪಿಲ್ಲ ಎಂದರೆ ಆ ದಿನ ಒಳ್ಳೆಯ ನಿದ್ದೆ ಬಂದಿದೆ ಎಂದೇ ಅರ್ಥ.

2019ರ ಜನವರಿಯಲ್ಲಿ ರಾಷ್ಟ್ರೀಯ ವಾಹಿನಿ ನಿಂತಿತು. ಮಾರಣಕಟ್ಟೆಯ ಮಕರ ಸಂಕ್ರಮಣದ ಜಾತ್ರೆಗೆ ಕೆಲವೇ ದಿನಗಳಿದ್ದವು, ಹೆಮ್ಮಾಡಿಯ ಗದ್ದೆಗಳಲ್ಲಿ ಜಾತ್ರೆಗೆಂದು ಬೆಳೆಸಿದ ಸೇವಂತಿಗೆ ಹೂವಾಗಿ ನಿಂತಿತ್ತು. ಮಾವ ಗುಂಡಿ ತಿರುಗಿಸಿದರು. ಆ ಜಾಗದಲ್ಲಿ ಬರೀ ಗಾಳಿಯ ಸದ್ದು. ಮರುದಿನ ‘ಸೆಲ್ಲ್ ಖಾಲಿ ಆಯ್ತ್ ಕಾಣತ್ತ್’ ಎಂದು ಪೇಟೆಯಿಂದ ಹೊಸ ಸೆಲ್ಲು ತರಿಸಿದರು. ರೇಡಿಯೋದ ಹಿಂಬದಿ ತೆಗೆದು ಒರೆಸಿದರು. ಸಂಜೆಯ ಲಂಡನ್ ಬರುತ್ತಿತ್ತು, ಬೆಳಗಿನ ಮಂಗಳೂರು ಬರುತ್ತಿತ್ತು, ರಾತ್ರಿಯದ್ದು ಮಾತ್ರ ಇಲ್ಲ. ಪೇಪರಿನ ಸುದ್ದಿಯನ್ನು ನಾನು ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಕಡೀ ದಿನ ನಾ ಮನಿಕಂಡಿದ್ನೇನೊ’ ಎಂದರು. ಕೊನೆಯ ರಾತ್ರಿ ವಾಹಿನಿಯವರು ಹೋಗಿಬರುತ್ತೇವೆ ಎಂದಿದ್ದರೆ ಅದನ್ನು ಕೇಳಲು ತಾನು ಎಚ್ಚರವಿರಲಿಲ್ಲವಲ್ಲ ಎಂಬುದೊಂದೇ ಅವರ ಸಂಕಟ. ತಾನೂ ಆ ಕಡೆಯವರಿಗೆ ಏನೋ ಕೊಡಬೇಕಿತ್ತು ಎಂದು ಕೇಳುಗನೊಬ್ಬ ಭಾವಿಸುತ್ತಾನೆ ಎಂಬುದನ್ನು ಅಂದು ನಾನು ಕಂಡೆ.

ಮುಚ್ಚಿದವರ ಕಡೆಯ ಕಾರಣಗಳೂ ಸುಳ್ಳಲ್ಲ. ಹತ್ತು ಲಕ್ಷ ವಾಟ್‌ನ ಯಂತ್ರ ರಾತ್ರಿಯಿಡೀ ಉರಿಸುವ ಕರೆಂಟು ಸಣ್ಣದಲ್ಲ. ಯಂತ್ರಗಳು ಹಳತಾಗಿದ್ದವು. ಖರ್ಚು ಇಳಿಸಬೇಕು, ಸೇವೆಗಳನ್ನು ಹೊಂದಿಸಿಕೊಳ್ಳಬೇಕು ಎಂಬುದು ಪ್ರಸಾರ ಭಾರತಿ ಕೊಟ್ಟ ಕಾರಣ. ವಾಹಿನಿಯ ಧ್ವನಿಮುದ್ರಿಕೆಗಳನ್ನು ದೆಹಲಿಯ ಕೇಂದ್ರ ಸಂಗ್ರಹಕ್ಕೆ ಸೇರಿಸಿ ಕಾಪಾಡಬೇಕೆಂದು ಆದೇಶದಲ್ಲಿಯೇ ಇತ್ತು. ಅದಕ್ಕೆ ನಾನು ಕೃತಜ್ಞ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ರಾತ್ರಿಯ ಸ್ವರವನ್ನು ಲಾಭನಷ್ಟದ ಸಾಲಿನಲ್ಲಿ ಬರೆಯಬಾರದಿತ್ತು. ಬೀದಿದೀಪದ ಕೆಳಗೆ ಎಷ್ಟು ಜನ ಹಾದುಹೋದರು ಎಂದು ಎಣಿಸಿ ಪಂಚಾಯತಿಯವರು ದೀಪ ಆರಿಸುವುದಿಲ್ಲ.

ಆ ಮೇಲಿನ ಒಂದು ವರ್ಷ ಮಾವನಿಗೆ ಸಂಜೆಯ ಲಂಡನ್ ಉಳಿದಿತ್ತು. 1940ರ ಮೇ 11ರಂದು, ಯುದ್ಧದ ನಡುವೆ ಹುಟ್ಟಿದ ಸೇವೆ ಅದು. 2011ರಲ್ಲಿಯೇ ಅದರ ಕಿರುತರಂಗ ಪ್ರಸಾರ ನಿಲ್ಲಿಸುವ ತೀರ್ಮಾನವಾಗಿತ್ತು. ಕೇಳುಗರು ಬರೆದರು, ಮಾರ್ಕ್ ಟುಲಿ, ವಿಕ್ರಮ್ ಸೇಠ್ ಅಂಥವರು ದನಿಗೂಡಿಸಿದರು, ಸಂಜೆಯ ಒಂದು ಗಂಟೆ ಉಳಿಯಿತು. ಹಾಗೆ ಉಳಿದದ್ದು 2020ರ ಜನವರಿ 31ಕ್ಕೆ ಮುಗಿಯಿತು. ಆ ಸಂಜೆ ನಾನೂ ಜಗಲಿಯಲ್ಲಿದ್ದೆ. ಕೇಳುಗರಿಗೆ ವಿದಾಯ ಹೇಳಿಯೇ ಹೋದರು. ಮಾವ ಈ ಸಲ ಎಚ್ಚರವಿದ್ದರು. ಅದು ಮುಗಿದ ಮೇಲೆ ಎದ್ದುಹೋಗಿ ಕೈಕಾಲು ತೊಳೆದು ದೇವರ ದೀಪ ಹಚ್ಚಿದರು. ಯಾರೂ ಮಾತಾಡಲಿಲ್ಲ.

ಆಮೇಲೆ ಈ ತರದ ಸುದ್ದಿಗಳನ್ನು ನಾನು ಗಮನಿಸತೊಡಗಿದೆ. ಲಂಡನ್ನಿನ ತಮಿಳು ಸೇವೆ ‘ತಮಿಳೋಸೈ’ ಅದಕ್ಕೂ ಮೊದಲೇ, 2017ರ ಏಪ್ರಿಲ್ 30ಕ್ಕೆ ನಿಂತಿತ್ತು. ಶ್ರೀಲಂಕಾದ ಯುದ್ಧದ ದಿನಗಳಲ್ಲಿ ಅಲ್ಲಿಯ ತಮಿಳರು ತಮ್ಮ ಊರಿನ ಸುದ್ದಿಯನ್ನು ಅದರಿಂದಲೇ ತಿಳಿಯುತ್ತಿದ್ದರಂತೆ. 81 ವರ್ಷ ನಡೆದ ಲಂಡನ್ನಿನ ಬಂಗಾಳಿ ರೇಡಿಯೋ 2022ರ ಕೊನೆಯ ದಿನ ಮುಗಿಯಿತು. 85 ವರ್ಷದ ಅರಬ್ಬಿಯದ್ದು 2023ರ ಜನವರಿಯಲ್ಲಿ. ಪ್ರತಿ ಸುದ್ದಿಯಲ್ಲೂ ಒಂದೇ ವಿವರಣೆ: ಕೇಳುಗರು ಫೋನಿಗೆ ಹೋಗಿದ್ದಾರೆ. ನಿಜ, ಹೋಗಿದ್ದಾರೆ. ನಾನೂ ಹೋಗಿದ್ದೇನೆ. ಫೋನಿನಲ್ಲಿ ವಿವಿಧ ಭಾರತಿಯೂ ಸಿಗುತ್ತದೆ, ಮಂಗಳೂರೂ ಸಿಗುತ್ತದೆ, ಗೊರಗೊರ ಇಲ್ಲದೆ ಸ್ಪಷ್ಟವಾಗಿ. ಅಮೆರಿಕದಲ್ಲಿರುವ ತಂಗಿ ಅಲ್ಲಿಂದಲೇ ಮಂಗಳೂರಿನ ಯಕ್ಷಗಾನ ಕೇಳುತ್ತಾಳೆ. ಇದು ಸಣ್ಣ ಲಾಭವಲ್ಲ.

ಹೋದದ್ದು ಏನು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಒಂದು ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಹಣ ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರಬೇಕು. ಹಳೆಯ ಪೆಟ್ಟಿಗೆಯಲ್ಲಿ ಅಜ್ಜಯ್ಯನ ಕಾಲದ ಆ ಪುಸ್ತಕ ಇನ್ನೂ ಇದೆ. ಸರಕಾರಕ್ಕೆ ಆಗ ರೇಡಿಯೋಗಳ ಲೆಕ್ಕ ಇತ್ತು, ಕೇಳುಗರ ಲೆಕ್ಕ ಆಗಲೂ ಇರಲಿಲ್ಲ. ಒಂದು ಮನೆಯ ಲೈಸೆನ್ಸಿನ ಮೇಲೆ ಒಂದು ಕೇರಿಯೇ ಅಂಗಳದಲ್ಲಿ ಕೂತು ತಾಳಮದ್ದಳೆ ಕೇಳುತ್ತಿತ್ತು. ಯಾರು ಬಂದರು, ಯಾರು ಹೋದರು, ಯಾರು ಏನು ಕೇಳಿದರು ಎಂಬುದು ಆ ಅಂಗಳದವರಿಗೆ ಬಿಟ್ಟರೆ ಮತ್ತೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಂದು ಫೋನಿನಲ್ಲಿ ಒಂದು ಹಾಡು ಕೇಳಿದರೆ ಎಷ್ಟು ಹೊತ್ತಿಗೆ, ಯಾವ ಊರಲ್ಲಿ, ಎಷ್ಟು ನಿಮಿಷ ಎಂಬುದೆಲ್ಲ ಎಲ್ಲೋ ಬರೆದಾಗಿರುತ್ತದೆ. ಫೋನು ಇಷ್ಟವಾದುದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ನನ್ನನ್ನು ಬಲ್ಲ ಯಂತ್ರ ನನಗೆ ಬೇಕಾದ್ದನ್ನು ಕೊಡುತ್ತದೆ. ನನ್ನನ್ನು ಅರಿಯದ ಒಬ್ಬ ಮನುಷ್ಯ, ನಾನು ಇದ್ದೇನೆಂದು ನಂಬಿ, ನಡುರಾತ್ರಿ ಮೂರು ಗಂಟೆಗೆ ಗಂಟಲು ಸರಿಮಾಡಿಕೊಂಡು ಮಾತಾಡುತ್ತಿದ್ದನಲ್ಲ, ಆ ನಂಬಿಕೆ ಅದರಲ್ಲಿಲ್ಲ. ಅದನ್ನು ಪಡೆದವರು ಬೇಡಿ ಪಡೆದವರಲ್ಲ, ಹಣ ಕೊಟ್ಟು ಪಡೆದವರೂ ಅಲ್ಲ. ಅದು ಆಕಾಶದಿಂದ ಇಳಿದು ಮಾಳಕ್ಕೂ ಬಂತು, ಬಾಣಂತಿಯ ಕೋಣೆಗೂ ಬಂತು.

ಇನ್ನೊಂದು ಮಾತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನಮ್ಮಲ್ಲಿ ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಚಕ್ರಾ ನದಿ ಕೆಂಪಾಗಿ ತುಂಬಿ ಹರಿಯುವ ಅಂಥ ರಾತ್ರಿಗಳಲ್ಲಿ ಎರಡು ಸೆಲ್ಲಿನ ರೇಡಿಯೋ ಒಂದೇ ಹೊರಲೋಕದ ಸುದ್ದಿ ತರುತ್ತಿತ್ತು. ಈಗ ಆ ರಾತ್ರಿಗಳಲ್ಲಿ ಮಳೆಯನ್ನೇ ಕೇಳಬೇಕು.

ಮಾವನಿಗೆ ಈಗ ಕಣ್ಣು ಮಂದ, ಕಿವಿ ಚುರುಕು. ಬೆಳಗಿನ ಚಿಂತನ ತಪ್ಪಿಸುವುದಿಲ್ಲ. ಮೊನ್ನೆ, 2011ರಲ್ಲಿ ಕೇಳುಗರು ಬರೆದದ್ದಕ್ಕೇ ಲಂಡನ್ ಮತ್ತೂ ಕೆಲವು ವರ್ಷ ಉಳಿಯಿತು ಎಂಬ ಮಾತು ಬಂದಾಗ ‘ನಾವ್ ಬರದೇ ಇಲ್ಯಲ’ ಎಂದರು. ಸಂಜೆ ನಾನು ಅಂಚೆ ಕಚೇರಿಯಿಂದ ಒಂದು ಕಾರ್ಡು ತಂದೆ. ಮಂಗಳೂರಿನ ಕದ್ರಿಯ ಆಕಾಶವಾಣಿಗೆ, ನಿಲಯದ ನಿರ್ದೇಶಕರಿಗೆ ಎಂದು ವಿಳಾಸ ಬರೆದೆ. ಅವರು ಹೇಳಿದರು, ನಾನು ಪುಸ್ತಕದ ಕನ್ನಡಕ್ಕೆ ತಿದ್ದದೆ ಬರೆದೆ. ವಂಡ್ಸೆಯಲ್ಲಿ ಈ ಮನೆಯಲ್ಲಿ ದಿನಾ ಬೆಳಿಗ್ಗೆ ಕೇಂತೊ. ಯಕ್ಷಗಾನ ಇನ್ನೊಂಚೂರು ಹೆಚ್ಚು ಹೊತ್ತು ಹಾಕ್ಕಾತ್ತಾ ಕಾಣಿ. ರಾತ್ರಿ ಹನ್ನೊಂದರ ಮೇಲೂ ಯಾರಾರೊಬ್ರು ಮಾತಾಡ್ತಾ ಇದ್ರೆ ಒಳ್ಳೇದಿತ್ತು, ಮೇಲಿನವರಿಗೆ ತಿಳ್ಸಿ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂದಿತ್ತು. ‘ಮತ್ತೆಂತ ಬರೀಲಿ ಮಾವ?’ ಎಂದೆ. ಅಂಚಿನಲ್ಲಿ ಒಂದು ಸಾಲು ಹಿಡಿಸುತ್ತದಾದರೆ ಇಷ್ಟು ಬರೆ ಎಂದರು: ಉತ್ತರ ಬರಿದಿರೂ ಅಡ್ಡಿಲ್ಲೆ, ನಾನ್ ಕೇಂತಾ ಇರ್ತೆ.